ಕುದುರೆ ಹಿಡಿದು ನಿಂತವನ ಸನ್ಮಾನ ಪತ್ರ

ಒಮಾನಿನ ಅಲ್ ಹೈಲ್‌ನಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ಗುರುವಾರ ಸಂಜೆ ಬಂದು ಬಿದ್ದ ಸನ್ಮಾನ ಪತ್ರದ ಕರಡಿನ ಪ್ರಕಾರ, ಒಬ್ಬ ಅಮೆರಿಕನ್ ಹಿರಿಯರು ಕನ್ನಡಾಂಬೆಯ ಹೆಮ್ಮೆಯ ಪುತ್ರರಾಗಿದ್ದರು, ಕುದುರೆಯೇರಿ ಶತ್ರುಗಳ ಎದೆ ನಡುಗಿಸಿದ್ದರು ಮತ್ತು ರಣರಂಗದಲ್ಲಿ ವೀರಮರಣವನ್ನು ಅಪ್ಪಿದ್ದರು. ಅವರೇ ಮುಂದಿನ ವಾರದ ಶುಕ್ರವಾರ ನಮ್ಮ ಕನ್ನಡ ಸಂಘದ ಸಮಾರಂಭಕ್ಕೆ ಮುಖ್ಯ ಅತಿಥಿಯಾಗಿ ಬರುವವರಿದ್ದರು.

ಕರಡನ್ನು ತಂದವರು ಮೇಲಿನ ಮಹಡಿಯ ಎಂಜಿನಿಯರ್. ಬಾಗಲಕೋಟೆ ಕಡೆಯವರು. ಇಬ್ರಿ ಪಟ್ಟಣದಿಂದಾಚೆ ಮರಳಿನ ನಡುವೆ ಇರುವ ಒಂದು ಗ್ಯಾಸ್ ಘಟಕದ ಕಂಟ್ರೋಲ್ ರೂಮಿನಲ್ಲಿ ಅವರ ಕೆಲಸ. ವಾರವೆಲ್ಲ ಅಲ್ಲಿ, ಗುರುವಾರ ಸಂಜೆ ಹೆಂಡತಿ ಮಕ್ಕಳಿರುವ ಇಲ್ಲಿಗೆ. ಕಾರಿನ ಧೂಳು ಕೊಡವುವ ಮೊದಲೇ ನಮ್ಮ ಮನೆಯ ಗಂಟೆ ಒತ್ತಿದ್ದರು.

"ಒಂದ್ ಸ್ವಲ್ಪ ಕಣ್ಣಾಡಸ್ರೀ ಸರ. ನೀವು ಪೇಪರಿನವರು."

ನಾನು ಇಲ್ಲಿನ ಒಂದು ಇಂಗ್ಲಿಷ್ ದಿನಪತ್ರಿಕೆಯ ಡೆಸ್ಕಿನಲ್ಲಿ ಬಹಳ ಕಾಲ ಇದ್ದವನು. ಬೇರೆಯವರು ಬರೆದದ್ದನ್ನು ಓದುವುದು, ತಪ್ಪು ಹುಡುಕುವುದು, ಅದಕ್ಕಾಗಿ ಬೈಸಿಕೊಳ್ಳುವುದು, ತಿಂಗಳ ಕೊನೆಗೆ ಸಂಬಳ ತೆಗೆದುಕೊಳ್ಳುವುದು. ಹಾಗಾಗಿ ಸಂಘದಲ್ಲಿ ಯಾವ ಕಾಗದ ಮುದ್ರಣಕ್ಕೆ ಹೋಗುವುದಿದ್ದರೂ ಕೊನೆಯ ಗಳಿಗೆಯಲ್ಲಿ ನನ್ನ ಮುಂದೆ ಬರುತ್ತದೆ. ಕೊನೆಯ ಗಳಿಗೆಯಲ್ಲಿ ತರುವುದೇ ನಾನು ಏನನ್ನೂ ತಿದ್ದದಿರಲಿ ಎಂಬ ಕಾರಣಕ್ಕೆ ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು.

"ಇವರು ತೀರಿಕೊಂಡಿದ್ದಾರಾ?" ಎಂದು ಕೇಳಿದೆ.

"ಯಾರು, ನಮ್ಮ ಸಾಹೇಬ್ರಾ? ಬಿಡ್ತು ಅನ್ರಿ! ಮೊನ್ನೆ ನನ್ನ ಜೋಡಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದಾರ."

"ಇಲ್ಲಿ ವೀರಮರಣ ಅಂತಿದೆ."

ಅವರು ಕನ್ನಡಕವನ್ನು ಹಣೆಗೇರಿಸಿ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದರು. "ಅದು ಹ್ವಾದ ವರ್ಷದ್ದ್ ಇರಬೇಕ್ರೀ. ಸೆಕ್ರೆಟರಿ ಅದನ್ನ ಮುಂದಿಟ್ಕೊಂಡು ಮಾಡ್ಯಾರ. ಅದ್ರಾಗೂ ಯುದ್ಧ ಇತ್ತಲ್ರಿ, ಇದ್ರಾಗೂ ಯುದ್ಧ ಅದ."

ಹಿಂದಿನ ವರ್ಷ ಸಂಘ ಸನ್ಮಾನಿಸಿದ್ದು ಗಡಿಯಲ್ಲಿ ಮಡಿದ ಒಬ್ಬ ಸೈನಿಕನ ತಂದೆಯನ್ನು. ಅದರ ಹಿಂದಿನ ವರ್ಷ ಒಬ್ಬ ಹಲ್ಲಿನ ವೈದ್ಯರನ್ನು. ನಮ್ಮಲ್ಲಿ ಸನ್ಮಾನ ಪತ್ರವನ್ನು ಯಾರೂ ಬರೆಯುವುದಿಲ್ಲ, ಹಿಂದಿನದರಲ್ಲಿ ಹೆಸರು ಬದಲಿಸುತ್ತಾರೆ. ಹಲ್ಲಿನ ವೈದ್ಯರು ಕನ್ನಡಾಂಬೆಯ ಹೆಮ್ಮೆಯ ಪುತ್ರರಾಗಿದ್ದರಿಂದ ಸೈನಿಕನ ತಂದೆಯೂ ಆದರು, ಈಗ ಅಮೆರಿಕದ ಸಾಹೇಬರೂ ಆಗಿದ್ದರು. ಪತ್ರವನ್ನು ಗಟ್ಟಿಯಾಗಿ ಓದುವಾಗ ಜನ ಊಟದ ಕೌಂಟರಿನ ಕಡೆ ನೋಡುತ್ತಿರುತ್ತಾರೆ. ಇದುವರೆಗೆ ಯಾರೂ ದೂರು ಕೊಟ್ಟಿಲ್ಲ.

ಸಾಹೇಬರು ಆ ಘಟಕದ ಹಿರಿಯ ಅಧಿಕಾರಿ. ನಮ್ಮ ಎಂಜಿನಿಯರ್ ಹೊಸದಾಗಿ ಸೇರಿದಾಗ ಅವರಿಗೆ ಕೆಲಸ ಕಲಿಸಿದವರು. ಈಗ ನಿವೃತ್ತರಾಗಿ ಒಮಾನ್ ಬಿಟ್ಟು ಹೊರಟಿದ್ದರು. ಅವರಿಗೆ ಪಾರ್ಟಿ, ಭಾಷಣ ಯಾವುದೂ ಆಗದು. ಕಂಪನಿಯ ಬೀಳ್ಕೊಡುಗೆಗೂ ಬರುವುದಿಲ್ಲ ಎಂದಿದ್ದರು. ಎಂಜಿನಿಯರ್ ಮಾತ್ರ ಬಿಡದೆ ಗಂಟುಬಿದ್ದು ನಮ್ಮ ಸಂಘಕ್ಕೆ ಒಪ್ಪಿಸಿದ್ದರು. ಒಂದು ಷರತ್ತಿನ ಮೇಲೆ: ತಮ್ಮ ಬಗ್ಗೆ ಒಂದು ಮಾತೂ ಬೇಡ. ತಮ್ಮ ಮುತ್ತಜ್ಜನಿದ್ದ ಅಶ್ವದಳದ ಬಗ್ಗೆ ಓದಿ. ಇದ್ದದ್ದನ್ನು ಇದ್ದಂತೆ ಓದಿ. ಆ ಕನ್ನಡದ ಹಾಳೆಯನ್ನು ತಮಗೆ ಕೊಡಿ.

"ಏನಿದ್ದದ್ದು?" ಎಂದೆ.

"ಏನೋ ಫೈಲ್ ಕೊಟ್ಟಾರ್ರೀ. ಮ್ಯಾಲದ."

"ಓದಿದ್ರಾ?"

"ಇಂಗ್ಲಿಷ್ನಾಗ ಬಾಳ ಅದ. ಓದೂದೇನು, ನಂಗ ಬಾಯಿಪಾಠ ಆಗೇದ. ಕಂಟ್ರೋಲ್ ರೂಮಿನ್ಯಾಗ ಇಷ್ಟು ವರ್ಷ ಅದನ್ನ ಕೇಳೀನಿ."

ಮೇಲೆ ಹೋಗಿ ತಂದರು. ಸುತ್ತಿದ ರಬ್ಬರ್ ಬ್ಯಾಂಡ್ ಬಿಚ್ಚಿರಲಿಲ್ಲ.

ಆ ಫೈಲನ್ನು ನಾನು ಅಂದು ಓದಿ ಮುಗಿಸಿದೆ. ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳು ಪರಸ್ಪರ ಕಾದಾಡಿದ ಅಂತರ್ಯುದ್ಧದಲ್ಲಿ ಉತ್ತರದ ಕಡೆಗಿದ್ದ ಒಂದು ಅಶ್ವದಳದ ಸೇವಾ ಚರಿತ್ರೆ ಅದು. ಸಾಹೇಬರು ಹಲವು ವರ್ಷ ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ದಾಖಲೆಗಳನ್ನು ಹುಡುಕಿ ಸೇರಿಸಿದ್ದರು. ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಎಲ್ಲಿ ಸಿಕ್ಕಿತೆಂದು ಬರೆದಿದ್ದರು, ಸಿಗದ ಕಡೆ ಸಿಗಲಿಲ್ಲ ಎಂದು ಬರೆದಿದ್ದರು. ನಮ್ಮ ಡೆಸ್ಕಿಗೆ ಇಂಥ ಒಬ್ಬ ವರದಿಗಾರ ಬಂದಿದ್ದರೆ ನನ್ನ ರಕ್ತದೊತ್ತಡ ಇಂದು ಬೇರೆಯಾಗಿರುತ್ತಿತ್ತು.

ಚರಿತ್ರೆಯಲ್ಲಿ ಶೌರ್ಯ ಹುಡುಕುವವರಿಗೆ ಅಲ್ಲಿ ಹೆಚ್ಚೇನೂ ಇರಲಿಲ್ಲ. ದಳ ಕಟ್ಟಿದರು, ಕುದುರೆ ಬರಲಿಲ್ಲ. ಅಶ್ವದಳವೆಂದು ಹೆಸರು ಬರೆಸಿಕೊಂಡ ಹುಡುಗರು ಎಷ್ಟೋ ಕಾಲ ಕೆಸರಿನಲ್ಲಿ ಕಾಲ್ನಡಿಗೆಯ ಕವಾಯತು ಮಾಡಿದರು. ಶಿಬಿರದಲ್ಲಿ ದಡಾರ ಬಂತು, ಭೇದಿ ಬಂತು. ಗುಂಡಿನ ಸದ್ದು ಕೇಳುವ ಮೊದಲೇ ಅನೇಕರು ಸತ್ತರು. ಕುದುರೆ ಬಂದ ಮೇಲೆ ರೈಲು ಸೇತುವೆ ಕಾಯುವ ಕೆಲಸ, ಸಾಮಾನಿನ ಗಾಡಿಗಳ ಜೊತೆ ಹೋಗುವ ಕೆಲಸ. ಮೇವಿಲ್ಲದೆ ಕುದುರೆಗಳು ಸತ್ತವು, ಮತ್ತೆ ಕಾಲ್ನಡಿಗೆ. ಕಾಳಗಗಳು ನಡೆದದ್ದು ಹೌದು, ಆದರೆ ಕತ್ತಿ ಹಿರಿದು ನುಗ್ಗಿದ್ದಲ್ಲ. ಆ ಯುದ್ಧದಲ್ಲಿ ಅಶ್ವದಳದವರು ಬಹಳ ಸಲ ಕುದುರೆಯಿಂದ ಇಳಿದು, ಗಿಡ್ಡ ಬಂದೂಕು ಹಿಡಿದು, ನೆಲದ ಮೇಲೆ ನಿಂತೇ ಹೋರಾಡುತ್ತಿದ್ದರು. ಆಗ ನಾಲ್ವರಲ್ಲಿ ಮೂವರು ಮುಂದಕ್ಕೆ ಹೋಗುತ್ತಿದ್ದರು. ನಾಲ್ಕನೆಯವನು ತನ್ನದೂ ಸೇರಿ ನಾಲ್ಕು ಕುದುರೆಗಳ ಲಗಾಮು ಹಿಡಿದು ಹಿಂದೆ ನಿಲ್ಲಬೇಕು.

ಸಾಹೇಬರ ಮುತ್ತಜ್ಜ ಆ ನಾಲ್ಕನೆಯವನು. ಮೊದಲಿನಿಂದ ಕೊನೆಯವರೆಗೂ ಅವನದು ಅದೇ ಕೆಲಸ. ಯುದ್ಧ ಮುಗಿಯಿತು, ಸರ್ಕಾರದ ಕುದುರೆಯನ್ನು ಸರ್ಕಾರಕ್ಕೆ ಒಪ್ಪಿಸಿ ಊರಿಗೆ ಬಂದ, ಗೋಧಿ ಬೆಳೆದ, ಮುದುಕನಾಗಿ ಸತ್ತ.

ಅವನ ಊರಿನವರಿಗೆ ಇದು ಸಾಲಲಿಲ್ಲ. ಅವನು ಹೋದ ಮೇಲೆ ಪುರಭವನದಲ್ಲಿ ಒಂದು ಹಿತ್ತಾಳೆಯ ಫಲಕ ಹಾಕಿದರು: ಕತ್ತಿ ಎತ್ತಿ ಶತ್ರುಗಳ ಸಾಲಿಗೆ ನುಗ್ಗಿದ ವೀರ. ಮನೆಯವರೂ ಅದನ್ನೇ ನಂಬತೊಡಗಿದರು. ಅಜ್ಜಿಯೊಬ್ಬರು ಮಾತ್ರ "ಅವನು ಕುದುರೆ ಹಿಡಿದಿದ್ದ" ಎಂದು ಹೇಳಿ ಎಲ್ಲರಿಂದ ಬೈಸಿಕೊಳ್ಳುತ್ತಿದ್ದರು. ಸಾಹೇಬರ ಅಷ್ಟು ವರ್ಷದ ಹುಡುಕಾಟ ಆ ಫಲಕ ತೆಗೆಸುವುದಕ್ಕೆ. ಈಗ ಊರಿನ ಪುಟ್ಟ ವಸ್ತುಸಂಗ್ರಹಾಲಯ ಅವರ ಚರಿತ್ರೆಯನ್ನು ಇಟ್ಟುಕೊಳ್ಳಲು ಒಪ್ಪಿತ್ತು. ಅದರ ಪಕ್ಕದಲ್ಲಿ, ತಾವು ಬಾಳಿನ ಬಹುಪಾಲು ಕಳೆದ ಜಾಗದ ಗೆಳೆಯರು ತಮ್ಮ ಭಾಷೆಯಲ್ಲಿ ಬರೆದುಕೊಟ್ಟ ಹಾಳೆಯನ್ನೂ ಇಡಬೇಕೆಂದು ಅವರ ಆಸೆ. ಮಕ್ಕಳಿಲ್ಲ. ಈ ಕಥೆಯನ್ನು ಕೇಳುವವರೂ ಬೇರೆ ಇರಲಿಲ್ಲ.

ಅಂದರೆ, ಒಂದು ಸುಳ್ಳನ್ನು ಗೋಡೆಯಿಂದ ಕೆಳಗಿಳಿಸಲು ಹೊರಟವರ ಕೈಯಲ್ಲಿ ನಾವು ಇನ್ನೊಂದನ್ನು ಚೌಕಟ್ಟು ಹಾಕಿಸಿ ಕಳಿಸುತ್ತಿದ್ದೆವು. ಅದೂ ಅವರಿಗೆ ಓದಲು ಬಾರದ ಲಿಪಿಯಲ್ಲಿ.

ಮರುದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. ಉಡುಪಿ ಕಡೆಯವರು, ಒಳ್ಳೆಯವರು, ಯಾವಾಗಲೂ ಇನ್ನೊಂದು ಕರೆಯಲ್ಲಿರುತ್ತಾರೆ.

"ಮಾರಾಯ್ರೇ, ಅವರಿಗೆ ಕನ್ನಡ ಓದ್ಲಿಕ್ಕೆ ಬರ್ತದಾ?"

"ಇಲ್ಲ."

"ಮತ್ತೆ? ಎಂತ ಬರೆದ್ರೆ ಎಂತ?"

"ಅದಕ್ಕೇ ಸರಿಯಾಗಿ ಬರೀಬೇಕು. ಓದಕ್ಕೆ ಬರೋ ಹಾಗಿದ್ರೆ ತಪ್ಪನ್ನ ಅವರೇ ಹಿಡೀತಿದ್ರು."

"ನೀವೊಂದು. ಆಯ್ತು, ನೀವೇ ಬರೆದು ಕಳಿಸಿ. ಆದ್ರೆ ಆ ಕುದುರೆ ಚಿತ್ರ ಇರ್ಲಿ ಆಯ್ತಾ, ಚಂದ ಉಂಟು."

ಕುದುರೆ ಚಿತ್ರವೆಂದರೆ ಕರಡಿನ ತಲೆಯಲ್ಲಿದ್ದ, ಮುಂಗಾಲೆರಡನ್ನೂ ಎತ್ತಿ ನಿಂತ ಬಿಳಿಯ ಕುದುರೆ, ಮೇಲೆ ಕತ್ತಿ ಹಿಡಿದ ಆಕೃತಿ, ಹಿಂದೆ ಸೂರ್ಯಾಸ್ತ. ಅದು ಬೇಡ ಎಂದೆ. ಅಷ್ಟರಲ್ಲಿ ಅವರು ಇನ್ನೊಂದು ಕರೆಗೆ ಹೋಗಿಯಾಗಿತ್ತು.

ನಿಜವಾದ ಜಗಳವಾದದ್ದು ಎಂಜಿನಿಯರ್ ಜೊತೆ. ನಾನು ಬರೆದ ಹೊಸ ಪತ್ರವನ್ನು ಓದುತ್ತ ಹೋದಂತೆ ಅವರ ಮುಖ ಗಂಟಾಯಿತು.

"ಇದೇನ್ರೀ ಸರ? ಭೇದಿ ಹತ್ತಿತ್ತು ಅಂತ ಸ್ಟೇಜ್ ಮ್ಯಾಲ ಓದೂದೇನು?"

"ಆ ದಳದಲ್ಲಿ ಸತ್ತವರಲ್ಲಿ ಹೆಚ್ಚಿನವರು ರೋಗದಿಂದ ಸತ್ತದ್ದು. ಅವರ ಫೈಲಲ್ಲೇ ಇದೆ."

"ಇರಲಿ ಬಿಡ್ರಿ. ಆದ್ರ ಕುದರಿ ಹಿಡಕೊಂಡು ನಿಂತಿದ್ದ ಅಂದ್ರ ಮಂದಿ ಏನಂತಾರ? ಟಾಂಗಾದವನೇನು ಅಂತಾರ. ನನ್ನ ಗುರುಗಳನ್ನ ನಾನೇ ಕರದು ಮರ್ಯಾದಿ ತಗದಂಗ ಆತು."

"ಅವರೇ ಕೇಳಿದ್ದು ಇದನ್ನ."

"ದೊಡ್ಡವರು ಹಂಗ ಅಂತಾರ್ರೀ. ನಾವು ಹಂಗ ಮಾಡಬಾರದು."

ಒಳಗಿನಿಂದ ನನ್ನ ಹೆಂಡತಿ ಚಹಾ ತಂದಿಟ್ಟಳು. "ಬೇಜಾರ್ ಮಾಡ್ಕೋಬೇಡಿ. ಇವರು ನಮ್ಮ ಮದುವೆ ಕಾಗದಾನೂ ತಿದ್ದಿದ್ರು. ನಮ್ಮಪ್ಪನ ಹೆಸರಿನ ಮುಂದೆ ಶ್ರೀಮಾನ್ ಅಂತಿದ್ದದ್ದು ಜಾಗ ಸಾಲಲ್ಲ ಅಂತ ತೆಗೆದುಬಿಟ್ಟಿದ್ರು."

"ಹಂಗಾರ ನಿಮ್ಮ ಕಷ್ಟದ ಮುಂದ ನಂದೇನಲ್ಲ ಬಿಡ್ರಿ ವೈನಿ," ಎಂದು ಅವರು ನಕ್ಕರು. ಆದರೆ ಪತ್ರಕ್ಕೆ ಒಪ್ಪಿಗೆ ಕೊಡದೆ, ಚಹಾ ಕುಡಿದು ಎದ್ದು ಹೋದರು.

ನನಗೆ ಅವರ ಮೇಲೆ ಸಿಟ್ಟಿರಲಿಲ್ಲ ಎಂದರೆ ತಪ್ಪಾಗುತ್ತದೆ. ಹಟವೂ ಪ್ರೀತಿಯೂ ಕೂಡಿಕೊಂಡ ಮನುಷ್ಯನಿಗೆ ದಾಖಲೆ ತೋರಿಸಿ ಏನೂ ಪ್ರಯೋಜನವಿಲ್ಲ. ಸುಳ್ಳು ಹೇಳುವವನನ್ನು ಹಿಡಿಯಬಹುದು. ಗೌರವಕ್ಕಾಗಿ ಸುಳ್ಳು ಹೇಳುವವನ ಮುಂದೆ ತಿದ್ದುವವನೇ ಕೆಟ್ಟವನಾಗಿ ಕಾಣುತ್ತಾನೆ.

ಭಾನುವಾರ ಅವರು ಸಾಹೇಬರ ಫೈಲನ್ನು ವಾಪಸ್ ತೆಗೆದುಕೊಂಡು ಇಬ್ರಿಗೆ ಹೋದರು. ವಾರದ ನಡುವೆ ಒಂದು ಮಧ್ಯಾಹ್ನ ಫೋನ್ ಬಂತು. ಹಿಂದೆ ಎಲ್ಲೋ ಯಂತ್ರ ಗುಂಯ್‌ಗುಡುತ್ತಿತ್ತು.

"ಸಾಹೇಬ್ರನ್ನ ಕೇಳಿದೆ ಸರ."

"ಏನು ಕೇಳಿದ್ರಿ?"

"ನಿಮಗ ಇದು ಅವಮಾನ ಅನಸೂದಿಲ್ಲೇನ್ರಿ ಅಂತ ಕೇಳೇಬಿಟ್ಟೆ. ನಕ್ಕರು. ಗುಂಡು ಹಾರೂ ಮುಂದ ಕುದರಿ ಸುಮ್ನ ನಿಲ್ತಾವೇನು ಅಂದ್ರು. ಮುಂದ ಹ್ವಾದ ಮೂರು ಮಂದಿ ತಿರುಗಿ ಬಂದಾಗ ಅವರ ಕುದರಿ ಅಲ್ಲೇ ಇರಬೇಕು, ಇರದಿದ್ರ ಅವರು ಸತ್ತಂಗ. ಅವು ಅಲ್ಲೇ ಇದ್ದೂ, ಅಷ್ಟ ಅಂದ್ರು." ಮತ್ತೆ ಹೇಳಿದರು. "ಒಂದ್ ಸಲ ಇಬ್ಬರೇ ಬಂದ್ರಂತ. ಮೂರನೇದವನ ಕುದರೀನ ಇವ ತನ್ನ ಕುದರಿ ಜೋಡಿ ಕರಕೊಂಡು ಹ್ವಾದನಂತ. ಇಷ್ಟು ವರ್ಷದಾಗ ಇದನ್ನ ನಂಗ ಹೇಳಿದ್ದಿಲ್ರೀ ಅವರು."

"ಫೈಲಲ್ಲಿದೆ," ಎಂದೆ.

"ಇರ್ತದ ಬಿಡ್ರಿ. ನಿಮ್ಮ ಕಾಗದನ ಇರಲಿ. ಆ ಇಬ್ಬರದೂ ಒಂದ್ ಸಾಲು ಸೇರಸ್ರಿ."

ಸೇರಿಸಿದೆ. ಒಂದು ಪುಟ ಮೀರದಂತೆ ಮತ್ತೆ ಕತ್ತರಿಸಿದೆ. ಕುದುರೆಯ ಚಿತ್ರ ತೆಗೆದೆ. ಅಂತಿಮ ಪ್ರತಿ ಎಂದು ಸ್ಪಷ್ಟವಾಗಿ ಬರೆದು ಕಾರ್ಯದರ್ಶಿಗೂ, ಅವರು ಹೇಳಿದ ಮುದ್ರಣದ ಅಂಗಡಿಗೂ ಕಳಿಸಿದೆ. ಮೊದಲೇ ಅಲ್ಲಿಗೆ ಹೋಗಿದ್ದ ಹಿಂದಿನ ಫೈಲನ್ನು ಅಳಿಸಿ ಎಂದು ಹಿಂದಿಯಲ್ಲೂ ಬರೆದೆ. ಕಾರ್ಯದರ್ಶಿಯಿಂದ ಮೊಬೈಲಿಗೆ ಎತ್ತಿದ ಹೆಬ್ಬೆರಳಿನ ಚಿತ್ರ ಬಂತು, ಅಂಗಡಿಯಿಂದಲೂ ಹೆಬ್ಬೆರಳು ಬಂತು. ಡೆಸ್ಕಿನ ಹಳೆಯ ಅಭ್ಯಾಸದಂತೆ ಮನೆಯ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆದು, ಸಾಲು ಸಾಲಾಗಿ ಓದಿ, ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಸರಿ ಎಂದು ಗುರುತು ಹಾಕಿ ಸಹಿ ಮಾಡಿದೆ. ಹೆಬ್ಬೆರಳನ್ನು ನಂಬುವ ಕೆಲಸವನ್ನು ನಾನು ಎಂದೂ ಮಾಡಿದವನಲ್ಲ.

ಶುಕ್ರವಾರ ಸಂಜೆ ಸಮಾರಂಭ ಹತ್ತಿರದ ಒಂದು ಹೋಟೆಲಿನ ಸಭಾಂಗಣದಲ್ಲಿ. ಸಾಹೇಬರು ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ಎತ್ತರದ, ಬಿಸಿಲಿಗೆ ಕೆಂಪಾದ ಮನುಷ್ಯ, ಮೊಣಕಾಲ ಮೇಲೆ ಅದೇ ಫೈಲು. ಹೇಳಿದ ಹೊತ್ತಿಗೆ ಬರಬೇಕೆಂದು ಯಾರೋ ಅವರಿಗೆ ತಿಳಿಸಿದ್ದರು. ಹೇಳಿದ ಹೊತ್ತಿಗೆ ನಮ್ಮಲ್ಲಿ ಮೈಕಿನವನೂ ಬರುವುದಿಲ್ಲ ಎಂದು ತಿಳಿಸಿರಲಿಲ್ಲ.

ಜನ ಸೇರಿದ ಮೇಲೆ ಕಾರ್ಯದರ್ಶಿ ಬಂದರು. ಕಂಕುಳಲ್ಲಿ ಕಂದು ಕಾಗದ ಸುತ್ತಿದ ಚೌಕಟ್ಟು, ಕೈಯಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ. ವೇದಿಕೆಯ ಪಕ್ಕದಲ್ಲಿ ಅವನ್ನಿಡುವಾಗ ನಾನು ಚೌಕಟ್ಟಿನ ಕಾಗದದ ಮೂಲೆ ಹರಿದು ನೋಡಿದೆ.

ಬಿಳಿಯ ಕುದುರೆ. ಎತ್ತಿದ ಮುಂಗಾಲು. ಸೂರ್ಯಾಸ್ತ. ಅದರ ಕೆಳಗೆ ಕನ್ನಡಾಂಬೆಯ ಹೆಮ್ಮೆಯ ಪುತ್ರ, ಅದರ ಕೆಳಗೆ ವೀರಮರಣ.

ಅಂಗಡಿಗೆ ಫೋನ್ ಮಾಡಿದೆ. ಅಲ್ಲಿ ಕೆಲಸ ಮಾಡುವ ಮಲಯಾಳಿಗೆ ಕನ್ನಡ ಓದಲು ಬಾರದು. ಅವನಿಗೆ ಎರಡು ಫೈಲುಗಳ ನಡುವೆ ಕಂಡ ವ್ಯತ್ಯಾಸ ಒಂದೇ, ಒಂದರಲ್ಲಿ ಕುದುರೆ ಇತ್ತು. ಸನ್ಮಾನಕ್ಕೆ ಬರೀ ಅಕ್ಷರದ ಹಾಳೆ ಯಾರು ಕೊಡುತ್ತಾರೆ, ಅದಕ್ಕೇ ಚೆನ್ನಾಗಿರುವುದನ್ನು ಹಾಕಿದೆ ಎಂದ. ಈಗ ಇನ್ನೊಂದು ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದೆ. "ಖಲಾಸ್ ಭಾಯಿ, ಮಷೀನ್ ಬಂದ್."

ಅವನನ್ನು ಬೈಯಲು ಕಾರಣವೇ ಇರಲಿಲ್ಲ. ಓದಲು ಬರುವವರು ಓದದೆ ಮಾಡಿದ್ದನ್ನು ಅವನು ಓದಲು ಬಾರದೆ ಮಾಡಿದ್ದ.

"ಎಂತ ದೊಡ್ಡ ವಿಷಯ?" ಎಂದರು ಕಾರ್ಯದರ್ಶಿ. "ಕೊಟ್ಟುಬಿಡುವ. ಫೋಟೋ ಆಗ್ಲಿ. ಆಮೇಲೆ ಸರಿ ಮಾಡಿದ್ದನ್ನು ಕೊರಿಯರ್ ಮಾಡುವ."

"ಆಮೇಲೆ ಯಾರೂ ಮಾಡಲ್ಲ," ಎಂದೆ. "ನಿಮಗೂ ಗೊತ್ತು, ನನಗೂ ಗೊತ್ತು. ಇದು ಅಲ್ಲಿನ ಮ್ಯೂಸಿಯಮ್ಮಿನ ಗೋಡೆ ಮೇಲೆ ಇರತ್ತೆ."

"ಅಲ್ಲಿ ಕನ್ನಡ ಓದುವವರು ಯಾರುಂಟು ಮಾರಾಯ್ರೇ!"

ಎಂಜಿನಿಯರ್ ಅಷ್ಟರಲ್ಲಿ ಬಂದು ನಿಂತಿದ್ದರು. ಹರಿದ ಮೂಲೆಯನ್ನು ಇನ್ನಷ್ಟು ಹರಿದು ನೋಡಿದರು. ಮುಂದಿನ ಸಾಲಿನ ಕಡೆ ನೋಡಿದರು. ಸಾಹೇಬರು ಅವರನ್ನು ಕಂಡು ಕೈ ಎತ್ತಿ ನಕ್ಕರು, ಫೈಲನ್ನು ತಟ್ಟಿ ತೋರಿಸಿದರು. ಎಂಜಿನಿಯರ್ ಮುಖ ಇಳಿದುಹೋಯಿತು. ಆ ಕರಡನ್ನು ಓದದೆ ಮೊದಲು ಅಂಗಡಿಗೆ ಕಳಿಸಿದ್ದು ಅವರೇ.

"ನಿಮ್ಮ ಕಡೆ ಆ ಹಾಳಿ ಅದ ಏನ್ರೀ ಸರ?"

ಜೇಬಿನಿಂದ ತೆಗೆದುಕೊಟ್ಟೆ. ಸಾಮಾನ್ಯ ಬಿಳಿ ಹಾಳೆ, ನಾಲ್ಕಾಗಿ ಮಡಿಸಿದ್ದು, ಮೂಲೆಯಲ್ಲಿ ಕೆಂಪು ಗುರುತು.

ಸನ್ಮಾನ ಎಂದಿನಂತೆ ನಡೆಯಿತು. ಪೇಟ ಸಾಹೇಬರ ತಲೆಗೆ ಸಣ್ಣದಾಗಿ ಒಂದು ಕಡೆ ವಾಲಿತು. ಅವರು ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕೂತರು. ಹಣ್ಣಿನ ಬುಟ್ಟಿ ಇನ್ನೊಂದು ಕೈಗೆ ಬಂತು. ಎಂಜಿನಿಯರ್ ಮೈಕಿನ ಮುಂದೆ ನಿಂತು ಹಾಳೆ ಬಿಡಿಸಿದರು. ಕೆಸರಿನ ಕವಾಯತು, ದಡಾರ, ಭೇದಿ, ಸೇತುವೆ ಕಾವಲು, ಮೇವಿಲ್ಲದೆ ಸತ್ತ ಕುದುರೆ, ಒಂದನ್ನೂ ಬಿಡದೆ ಓದಿದರು. ನಾಲ್ಕನೆಯವನ ಸಾಲಿಗೆ ಬಂದಾಗ ಊಟದ ಕೌಂಟರಿನ ಕಡೆ ನೋಡುತ್ತಿದ್ದವರಲ್ಲಿ ಕೆಲವರು ಇತ್ತ ತಿರುಗಿದರು. ಎಲ್ಲರೂ ಅಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು "ಯಾರಿಗ್ರೀ ಭೇದಿ?" ಎಂದು ಪಕ್ಕದವರನ್ನು ಕೇಳುತ್ತಿದ್ದರು.

"ಫ್ರೇಮ್, ಫ್ರೇಮ್," ಎಂದು ಕಾರ್ಯದರ್ಶಿ ಪಿಸುಗುಟ್ಟಿ, ಸುತ್ತಿದ ಕಾಗದ ಕಿತ್ತು ಅದನ್ನು ಎಂಜಿನಿಯರ್ ಕೈಗೆ ತುರುಕಿದರು. ಫೋಟೋದವನು ಕ್ಯಾಮೆರಾ ಎತ್ತಿದ. ಎಂಜಿನಿಯರ್ ಚೌಕಟ್ಟನ್ನು ಎದೆಗೆ ಒತ್ತಿ ಹಿಡಿದರು, ಗಾಜು ಒಳಕ್ಕೆ, ಹಲಗೆ ಹೊರಕ್ಕೆ. ಸಾಹೇಬರು ಅದು ತಮಗೆ ಕೊಡುವುದಕ್ಕೋ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅಲ್ಲ ಸರ್," ಎಂದರು ಎಂಜಿನಿಯರ್, ಅವರೂ ಇಂಗ್ಲಿಷಿನಲ್ಲೇ, ಮೈಕು ಇನ್ನೂ ಚಾಲೂ ಇರುವುದನ್ನು ಮರೆತು. "ಇದು ತಪ್ಪು. ಓದದೆ ನಾನೇ ಮಾಡಿಸಿದ್ದು. ಇದರಲ್ಲಿ ನೀವು ಸತ್ತುಹೋಗಿದ್ದೀರಿ."

ಸಭೆಯಲ್ಲಿ ನಗು ಎದ್ದಿತು. ಸಾಹೇಬರೂ ನಕ್ಕರು, ಪೇಟ ಜಾರಿ ಬಿತ್ತು.

ಊಟದ ಹೊತ್ತಿಗೆ ಅವರು ಆ ಹಾಳೆಯನ್ನು ತಟ್ಟೆಯ ಪಕ್ಕದಲ್ಲಿ ಬಿಡಿಸಿಟ್ಟುಕೊಂಡು ಎಂಜಿನಿಯರರನ್ನು ಕೇಳಿದರು, ಇದರಲ್ಲಿ ಕುದುರೆ ಯಾವುದು? ಎಂಜಿನಿಯರ್ ಬೆರಳಿಟ್ಟು ತೋರಿಸಿದರು. ಅದೇ ಪದ ಮತ್ತೆಲ್ಲಿದೆ ಎಂದು ಸಾಹೇಬರು ತಾವೇ ಹುಡುಕತೊಡಗಿದರು. ಒಂದೆರಡು ಕಡೆ ಸರಿಯಾಗಿಯೇ ಸಿಕ್ಕಿತು. ವೀರ ಎಂಬುದು ಎಲ್ಲಿದೆ?

"ಅದಿಲ್ಲ ಸರ್."

ಅವರು ತಲೆಯಾಡಿಸಿದರು. ಮೂಲೆಯ ಕೆಂಪು ಗುರುತು ಏನೆಂದು ನನ್ನನ್ನು ಕೇಳಿದರು. ಓದಿ ನೋಡಿದ್ದೇನೆ ಎಂದು ಅರ್ಥ, ಬೇಕಾದರೆ ಗುರುತಿಲ್ಲದ ಬೇರೆ ಪ್ರತಿ ತೆಗೆದುಕೊಡುತ್ತೇನೆ ಎಂದೆ. ಬೇಡ, ಹೀಗೇ ಇರಲಿ ಎಂದು ಹಾಳೆಯ ಮಡಿಕೆಗಳನ್ನು ಅಂಗೈಯಿಂದ ನೀವಿ, ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡರು. ಎಂಜಿನಿಯರ್ ಅದರ ಸುತ್ತ ರಬ್ಬರ್ ಬ್ಯಾಂಡ್ ಹಾಕಿಕೊಟ್ಟರು.

ಅವರು ಹೊರಟುಹೋದ ಮೇಲೆ ಸಂಘದ ಮೊಬೈಲ್ ಗುಂಪಿನಲ್ಲಿ ಫೋಟೋ ಬಂತು. ಕೆಳಗೆ "ಅಂತರ್ಯುದ್ಧದ ವೀರ ಯೋಧನಿಗೆ ನಮ್ಮ ಸನ್ಮಾನ" ಎಂದಿತ್ತು. ಅವರು ಯೋಧರಲ್ಲ, ಯೋಧನ ವಂಶದವರು ಎಂದು ನಾನು ತಿದ್ದುಪಡಿ ಹಾಕಿದೆ. ಕೈಮುಗಿದ ಚಿತ್ರಗಳು ಬಂದವು.

ಚೌಕಟ್ಟು ಕಾರ್ಯದರ್ಶಿಯ ಕಾರಿನ ಡಿಕ್ಕಿಯಲ್ಲಿದೆ. ಮೊನ್ನೆ ಅಂಗಡಿಯ ಮುಂದೆ ಸಿಕ್ಕಾಗ ನಾನೇ ಕೇಳಿದೆ, ಅದನ್ನು ಏನು ಮಾಡಿದಿರಿ ಎಂದು.

"ಇಟ್ಟಿದ್ದೇನೆ. ಒಳ್ಳೇ ಫ್ರೇಮು ಮಾರಾಯ್ರೇ, ಬಿಸಾಡ್ಲಿಕ್ಕಾಗ್ತದಾ? ಮುಂದಿನ ವರ್ಷಕ್ಕೆ ಹೆಸರೊಂದು ಬದಲಿಸಿದ್ರೆ ಆಯ್ತು."